ಹನ್ನೆರಡು ಜೊತೆ ಕಣ್ಣು

ಹನ್ನೊಂದನೇ ತಾರೀಖು, ಸೋಮವಾರ. ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಸಮಯವನ್ನು ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣ ಠಾಣೆಯ ದಫೇದಾರ. ಯಾರೇ ಒಳಗೆ ಕಾಲಿಡಲಿ, ಅವನು ಮೊದಲು ಕೈಗಡಿಯಾರ ನೋಡಿ ಆಮೇಲೆ ಮುಖ ನೋಡುತ್ತಿದ್ದ. ಅದಕ್ಕೇ ಇಲಾಖೆಯವರೆಲ್ಲ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ.

ಇನ್‌ಸ್ಪೆಕ್ಟರ್ ರಜೆಯಲ್ಲಿದ್ದರು. ಕುರ್ಚಿಯಲ್ಲಿ ಕೂತಿದ್ದವಳು ಎಸ್‌ಐ. ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು, ಒಬ್ಬಳೇ ನಿಭಾಯಿಸಿದ ಕೇಸು ಇನ್ನೂ ಒಂದಿರಲಿಲ್ಲ.

ಬಂದ ಹೆಂಗಸಿಗೆ ಅರವತ್ತೆಂಟು ವರ್ಷ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕಳ್ಳತನವೇನಮ್ಮಾ?"

"ಕಳ್ಳತನ ಅಂತ ಹೇಗೆ ಹೇಳ್ಲಿ? ಒಂದು ವಸ್ತೂ ಹೋಗಿಲ್ಲ. ಕಣ್ಣು ಮಾತ್ರ ಹೋಗಿವೆ."

ಎಸ್‌ಐ ಪೆನ್ನು ಕೆಳಗಿಟ್ಟಳು. "ಯಾರ ಕಣ್ಣು?"

"ಗೊಂಬೆಗಳದ್ದು. ಮುಖವಾಡಗಳದ್ದು. ನನ್ನ ತಮ್ಮ ಹಡಗಿನ ಕ್ಯಾಪ್ಟನ್ ಆಗಿದ್ದ. ಮೂವತ್ತೈದು ವರ್ಷ ಕಂಡ ಕಂಡ ಬಂದರಿನಿಂದ ಹಳೇ ಸಾಮಾನು ತಂದು ಮನೆ ತುಂಬಿಸಿದಾನೆ. ಮೂರು ವಾರದಿಂದ ಒಂದೊಂದಾಗಿ ಅವುಗಳ ಕಣ್ಣು ಹೋಗ್ತಿವೆ. ನಿನ್ನೆಗೆ ಹನ್ನೊಂದಾಯ್ತು."

"ನಿಮ್ಮ ತಮ್ಮನವರು ಯಾಕೆ ಬರ್ಲಿಲ್ಲ?"

"ಮನೆ ಮಾತು ಬೀದಿಗೆ ಬರಬಾರ್ದು ಅಂತಾನೆ. ನಾನು ತರಕಾರಿ ತರ್ತೀನಿ ಅಂತ ಸುಳ್ಳು ಹೇಳಿ ಬಂದೆ." ಅವರು ಖಾಲಿ ಚೀಲವನ್ನು ಮುದ್ದೆ ಮಾಡಿ ಹಿಡಿದರು. "ನೋಡಮ್ಮಾ, ಆರು ವರ್ಷದಿಂದ ಆ ಮನೇಲಿದೀನಿ. ಆ ಹಾಲ್ ದಾಟುವಾಗ ಅವೆಲ್ಲ ನನ್ನನ್ನೇ ನೋಡ್ತಾವೆ ಅಂತ ಹೆದರ್ತಿದ್ದೆ. ಈಗ ನೋಡ್ತಿಲ್ಲವಲ್ಲ, ಅದು ಇನ್ನೂ ಭಯ."

ಗಡಿಯಾರ ನಗಲು ಬಾಯಿ ತೆರೆದವನು ಎಸ್‌ಐ ಮುಖ ನೋಡಿ ಸುಮ್ಮನಾದ. ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ ಎಂಬ ಕಡೆ 'ಅಪರಿಚಿತ' ಎಂದು ಬರೆದರು.

*

ಮಧ್ಯಾಹ್ನ ಹನ್ನೆರಡಕ್ಕೆ ಪಂಚನಾಮೆ ಶುರುವಾಯಿತು. ಪಕ್ಕದ ಬೀದಿಯ ಔಷಧಿ ಅಂಗಡಿಯವನೂ ಒಬ್ಬ ನಿವೃತ್ತ ಮೇಷ್ಟ್ರೂ ಪಂಚರಾಗಿ ಬಂದಿದ್ದರು. ಕ್ಯಾಪ್ಟನ್ ಬಾಗಿಲಲ್ಲೇ ನಿಂತಿದ್ದರು. ಅರವತ್ತೈದರ ಆಸುಪಾಸಿನ, ಎದೆ ಸೆಟೆಸಿ ನಿಲ್ಲುವ ಆಳು. ಅಕ್ಕನನ್ನು ಒಮ್ಮೆ ದುರುಗುಟ್ಟಿ ನೋಡಿ, ಸೊಂಟದ ಕೀಲಿಗೊಂಚಲು ಬಿಚ್ಚಿ ಹಾಲ್‌ನ ಬಾಗಿಲು ತೆರೆದರು.

ಒಳಗೆ ಕಗ್ಗತ್ತಲು. ಬಿಸಿಲು ಬಿದ್ದರೆ ಹಳೆಯ ಬಣ್ಣ ಮಾಸುತ್ತದೆ ಎಂದು ಕಿಟಕಿಗಳಿಗೆಲ್ಲ ದಪ್ಪ ಪರದೆ ಇಳಿಬಿಟ್ಟಿದ್ದರು. ಕ್ಯಾಪ್ಟನ್ ಸ್ವಿಚ್ ಒತ್ತಿದರು. ಔಷಧಿ ಅಂಗಡಿಯವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

ಗೋಡೆಯ ತುಂಬ ಮುಖಗಳು. ಮರದ್ದು, ಮಣ್ಣಿನದ್ದು, ತಾಮ್ರದ್ದು. ಕೆಳಗೆ ಗಾಜಿನ ಕಪಾಟುಗಳಲ್ಲಿ ಕತ್ತಿ, ನಾಣ್ಯ, ಸವೆದ ನಕ್ಷೆಗಳು, ನಿಂತುಹೋದ ಗಡಿಯಾರಗಳು. ನಡುವೆ ಆಳೆತ್ತರದ ಕಲ್ಲಿನ ಕಾವಲುಗಾರ, ತುಟಿ ಬಿರಿದ ಒಂದು ರಾಣಿಯ ತಲೆ, ಮೂಲೆಯಲ್ಲಿ ಹಳೆಯ ಹಡಗೊಂದರ ಮೂತಿಯಿಂದ ಬಿಚ್ಚಿ ತಂದ ಮರದ ಹೆಂಗಸು, ಕೂದಲು ಗಾಳಿಗೆ ಹಾರಿದಂತೆ ಕೆತ್ತಿದ್ದು. ಎಲ್ಲಕ್ಕೂ ಒಂದೊಂದು ಸಂಖ್ಯೆಯ ಚೀಟಿ. ಒಟ್ಟು ಆರುನೂರ ಹನ್ನೆರಡು.

ಕಣ್ಣು ಕಳೆದುಕೊಂಡವು ತಕ್ಷಣ ಗೊತ್ತಾಗುತ್ತಿದ್ದವು. ಉಳಿದ ಮುಖಗಳು ಬೆಳಕಿಗೆ ಹೊಳೆಯುತ್ತಿದ್ದರೆ ಆ ಹನ್ನೊಂದರಲ್ಲಿ ಎರಡೆರಡು ಕಪ್ಪು ಗುಳಿ. ಎಸ್‌ಐ ಒಂದು ಗುಳಿಯ ಹತ್ತಿರ ಮುಖ ತಂದಳು. ಒಳಗಿನಿಂದ ಯಾರೋ ಉಸಿರು ಬಿಟ್ಟಂತಾಗಿ ಅವಳ ಮೈ ಜುಮ್ಮೆಂದಿತು. ಉಸಿರಲ್ಲ, ವಾಸನೆ.

"ದಫೇದಾರ್ರೇ, ಇಲ್ಲಿ ಮೂಸಿ ನೋಡಿ."

ಗಡಿಯಾರ ಮೂಸಿದ. "ಇಂಜೆಕ್ಷನ್ ಕೊಡೋವಾಗ ತೋಳಿಗೆ ಒರೆಸ್ತಾರಲ್ಲ, ಅದೇ ವಾಸನೆ ಮೇಡಂ. ಸ್ಪಿರಿಟ್ಟು."

ಗುಳಿಯ ಅಂಚಿನಲ್ಲಿ ಹತ್ತಿಯ ಎಳೆಯೂ ಸಿಕ್ಕಿತು. ಸುತ್ತಿಗೆ ಏಟು ಬಿದ್ದ ಗುರುತಿರಲಿಲ್ಲ. ಎಳೆಯನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು.

"ಈ ಬಾಗಿಲಿನ ಕೀಲಿ ಯಾರ ಹತ್ರ ಇರತ್ತೆ?"

"ನನ್ನ ಹತ್ರ ಮಾತ್ರ," ಎಂದರು ಕ್ಯಾಪ್ಟನ್.

"ಬೇರೆ ದಾರಿ?"

"ಹಿಂದೆ ಓಣಿ ಕಡೆಗೆ ಬಾಗಿಲಿರೋ ಒಂದು ಕೆಲಸದ ಕೋಣೆ ಇದೆ. ಮುಚ್ಚಿ ಎರಡು ವರ್ಷ ಆಯ್ತು."

"ಯಾವಾಗ ಆಗ್ತಿದೆ ಇದು?"

"ಮಧ್ಯಾಹ್ನ," ಎಂದರು ಅಕ್ಕ ಮೆಲ್ಲಗೆ. "ಎರಡರಿಂದ ನಾಲ್ಕರವರೆಗೆ ಇವನು ಮಲಗ್ತಾನೆ. ನಾನೂ ಮಹಡಿ ಮೇಲೆ ಕಾಲು ಚಾಚಿರ್ತೀನಿ. ಬೆಳಗ್ಗೆ ಇದ್ದ ಕಣ್ಣು ಸಂಜೆ ದೀಪ ಹಾಕಿದಾಗ ಇರಲ್ಲ."

"ಇವಳಿಗೆ ಭ್ರಮೆ! ಇಲಿ ಕೆಲಸ!"

"ಇಲಿಗಳು ಸ್ಪಿರಿಟ್ ಬಳಸಲ್ಲ ಸರ್," ಎಂದ ಗಡಿಯಾರ, ಪುಸ್ತಕದಿಂದ ತಲೆ ಎತ್ತದೆ.

ಕ್ಯಾಪ್ಟನ್ ಮಲಗುವ ಕೋಣೆ ಹಾಲ್‌ಗೆ ಅಂಟಿಕೊಂಡೇ ಇತ್ತು, ನಡುವೆ ಒಂದು ತೆಳು ಬಾಗಿಲು ಮಾತ್ರ. ಯಾರೋ ಮೂರು ವಾರದಿಂದ, ಹಾಡುಹಗಲಲ್ಲಿ, ಈ ಮನುಷ್ಯನ ಹಾಸಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು ಕಣ್ಣು ತೆಗೆಯುತ್ತಿದ್ದಾರೆ. ಎಸ್‌ಐ ಅದನ್ನು ಪಂಚನಾಮೆಯಲ್ಲಿ ಬರೆಸಲಿಲ್ಲ, ಆದರೆ ಬೇರೇನೂ ಅವಳ ತಲೆಯಲ್ಲಿರಲಿಲ್ಲ. ಹಿಂಬಾಗಿಲಿನ ಬೀಗ ತುಕ್ಕು ಹಿಡಿದಿದ್ದು ಕಂಡು, ಮುಂಬಾಗಿಲಿಗೆ ಒಬ್ಬ ಪೇದೆಯನ್ನು ಕಾವಲು ಹಾಕಿ ಹೊರಟಳು. ಆ ತುಕ್ಕನ್ನು ಕಂಡು ಸುಮ್ಮನಾದದ್ದು ತನ್ನ ತಪ್ಪು ಎಂದು ಆಮೇಲೆ ಅವಳೇ ಒಪ್ಪಿಕೊಂಡಳು.

*

ಮಂಗಳವಾರ ವಿಚಾರಣೆ. ಅಡುಗೆಯವಳು ಒಂದು ಗಂಟೆಗೇ ಮನೆಗೆ ಹೋಗುತ್ತಾಳೆ, ಸಾಕ್ಷಿಗಳಿದ್ದಾರೆ. ಹಳೇ ಸಾಮಾನಿನ ವ್ಯಾಪಾರಿ ಊರಲ್ಲೇ ಇರಲಿಲ್ಲ. ಹಿಂದಿನ ಓಣಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡವನು ದಿನವಿಡೀ ಅಲ್ಲೇ ನಿಂತಿರುತ್ತಾನೆ.

"ಮಧ್ಯಾಹ್ನ ಯಾರಾದ್ರೂ ಈ ಬಾಗಿಲ ಹತ್ರ ಬಂದಿದ್ರಾ?"

"ಯಾರೂ ಇಲ್ಲ ಮೇಡಂ."

"ಅಪರಿಚಿತರು?"

"ನಾಯಿ ಬಂದ್ರೂ ನಂಗೆ ಗೊತ್ತಾಗತ್ತೆ. ಯಾರೂ ಬಂದಿಲ್ಲ."

ಬುಧವಾರ ಬೆಳಗ್ಗೆ ಎಂಟೂವರೆಗೆ ಠಾಣೆಯ ಫೋನ್ ಹೊಡೆದುಕೊಂಡಿತು. ಈ ಸಲ ಮಾತಾಡಿದ್ದು ಕ್ಯಾಪ್ಟನ್. ಹಿಂದಿನ ರಾತ್ರಿ ಕಂಡದ್ದನ್ನು ಬೆಳಗಾಗುವವರೆಗೆ ಯಾರಿಗೂ ಹೇಳಿರಲಿಲ್ಲ.

ಹಾಲ್‌ನ ಕೊನೆಯಲ್ಲಿ ಮಲಗುವ ಕೋಣೆಯ ಬಾಗಿಲ ಪಕ್ಕಕ್ಕೆ ಪ್ಲಾಸ್ಟರಿನ ಒಂದು ಮುಖ ತೂಗುಹಾಕಿತ್ತು. ಅದು ಹಳೆಯದಲ್ಲ. ಹತ್ತು ವರ್ಷದ ಕೆಳಗೆ ಕ್ಯಾಪ್ಟನ್ ಮುಖಕ್ಕೇ ಅಚ್ಚು ಹಾಕಿ, ಬಣ್ಣ ಬಳಿದು, ಗಾಜಿನ ಕಣ್ಣು ಕೂರಿಸಿ ಮಾಡಿದ್ದು. ಅದೇ ಮೂಗು, ಅದೇ ಮೀಸೆ. ಕಣ್ಣಿದ್ದ ಕಡೆ ಎರಡು ತೂತು.

ಅದರ ಕೆಳಗೆ ನಿಂತಿದ್ದ ನಿಜವಾದ ಕ್ಯಾಪ್ಟನ್ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು, "ನಿನ್ನೆ ಮಧ್ಯಾಹ್ನ ನಾನು ಮಲಗಿದ್ದೆ," ಎಂದರು. "ಕೋಣೆಗೆ ಚಿಲಕ ಹಾಕಿರ್ಲಿಲ್ಲ."

ಅಕ್ಕ ಹತ್ತಿರ ಬಂದು ತಮ್ಮನ ಬೆನ್ನ ಮೇಲೆ ಕೈಯಿಟ್ಟರು.

ಮುಂಬಾಗಿಲಿನ ಪೇದೆ ಕದಲಿರಲಿಲ್ಲ. ಎಸ್‌ಐ ಹಿಂಬಾಗಿಲಿಗೆ ಹೋಗಿ, ಈ ಸಲ ಮಂಡಿಯೂರಿ ಬೀಗ ನೋಡಿದಳು. ಮೈಯೆಲ್ಲ ತುಕ್ಕು. ಕೀಲಿ ತೂರುವ ಕಿಂಡಿ ಮಾತ್ರ ಎಣ್ಣೆ ಜಿಡ್ಡಿನಿಂದ ಫಳಫಳ.

ಕೆಲಸದ ಕೋಣೆ ತೆರೆಸಿದರು. ಮೇಜು, ಕುಂಚಗಳು, ಸಾಲಾಗಿ ಜೋಡಿಸಿದ ಉಳಿಗಳು. ಒಂದೇ ಕಿಟಕಿ, ಅದಕ್ಕೆ ಹಲಗೆ ಅಡ್ಡ ಹಾಕಿ ಸುತ್ತ ಮೊಳೆ ಹೊಡೆದಿತ್ತು. ಎರಡು ವರ್ಷ ಮುಚ್ಚಿದ್ದರೂ ಸ್ಪಿರಿಟ್ ಮತ್ತು ಅರಗಿನ ಘಾಟು ಹೋಗಿರಲಿಲ್ಲ. ಎರಡು ನಿಮಿಷಕ್ಕೆ ಗಡಿಯಾರನ ಕಣ್ಣಲ್ಲಿ ನೀರು ಬಂತು.

"ಕಿಟಕಿಗೆ ಯಾಕೆ ಸರ್ ಮೊಳೆ?"

"ಧೂಳು ಬರತ್ತೆ. ಪಾಲಿಶ್ ಒಣಗೋವಾಗ ಒಂದು ಕಣ ಕೂತ್ರೂ ಕೆಲಸ ಕೆಟ್ಟ ಹಾಗೆ."

"ಇಲ್ಲಿ ಕೆಲಸ ಮಾಡ್ತಿದ್ದವರು ಯಾರು?"

"ಒಬ್ಬ ಮೇಸ್ತ್ರಿ ಇದ್ದ. ಮುರಿದದ್ದು ಕೂಡಿಸೋದು, ಬಣ್ಣ ತುಂಬೋದು. ಅವನು ಬಿಟ್ಟು ಹೋದ."

"ಕೀಲಿ ವಾಪಸ್ ತಗೊಂಡ್ರಾ?"

ಕ್ಯಾಪ್ಟನ್ ಯೋಚಿಸಿದರು. "ಕೇಳ್ಲಿಲ್ಲ. ಅವನ ಕೈಲಿ ಕೀಲಿ ಇದ್ರೇನು, ಬಿಟ್ರೇನು? ಅವನಿಗೆ ಎರಡೂ ಕಣ್ಣು ಕಾಣಲ್ಲ."

ಎಸ್‌ಐ ಸಂಗ್ರಹದ ರಿಜಿಸ್ಟರ್ ಕೇಳಿದಳು. ದಪ್ಪ ರಟ್ಟಿನ ಪುಸ್ತಕ, ಕ್ಯಾಪ್ಟನ್ ಕೈಬರಹ. ಯಾವ ಬಂದರು, ಯಾವ ವರ್ಷ, ಏನು ರಿಪೇರಿ, ಎಲ್ಲ ಇತ್ತು. ಅವಳು ಕಣ್ಣು ಹೋದ ಹನ್ನೆರಡು ಸಂಖ್ಯೆಗಳನ್ನು ಒಂದೊಂದಾಗಿ ಹುಡುಕಿದಳು. ಗಡಿಯಾರ ಪಕ್ಕದಲ್ಲಿ ಓದುತ್ತ ಹೋದ.

"ನಲವತ್ತೊಂದು: ಕಣ್ಣು ಹೊಸದು, ಮೇಸ್ತ್ರಿ. ನೂರ ಏಳು: ಕಣ್ಣು ಹೊಸದು, ಮೇಸ್ತ್ರಿ. ಇನ್ನೂರ ಮೂವತ್ತು..." ಅವನು ನಿಲ್ಲಿಸಿದ. "ಎಲ್ಲದಕ್ಕೂ ಇದೇ ಬರೆದಿದೆ ಮೇಡಂ."

"ಕಣ್ಣು ಹೊಸದಾಗಿ ಹಾಕಿದ್ದು ಇನ್ನೇನಾದ್ರೂ ಉಳಿದಿದ್ಯಾ?"

ಅರ್ಧ ಗಂಟೆ ಹುಡುಕಿದ ಮೇಲೆ ಒಂದೇ ಒಂದು ಸಿಕ್ಕಿತು. ಎಂಬತ್ತೆಂಟು, ಹಡಗಿನ ಮೂತಿಯ ಹೆಂಗಸು.

*

ಎರಡೂವರೆಗೆ ಅವಳು ಮತ್ತೆ ಇಸ್ತ್ರಿಯವನ ಮುಂದೆ ನಿಂತಿದ್ದಳು. ಕ್ಯಾಪ್ಟನ್ ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಮಾತ್ರೆ ನುಂಗಿ ಮಲಗಿದ್ದರು. ಅಕ್ಕನನ್ನು ಹೇಳಿಕೆಗಾಗಿ ಠಾಣೆಗೆ ಕರೆಸಿದ್ದರು. ಹಿಂಬಾಗಿಲಿಗೆ ಹೊಸ ಬೀಗ ತರಲು ಮುಂಬಾಗಿಲ ಪೇದೆಯನ್ನೇ ಕಳಿಸಿದ್ದಳು.

"ನೀನು ನಿನ್ನೆ ಯಾರೂ ಬಂದಿಲ್ಲ ಅಂದೆ. ಯಾರೂ ಅಂದ್ರೆ ಯಾರೂ?"

"ಹೌದು ಮೇಡಂ."

"ಮೇಸ್ತ್ರಿ?"

"ಅಯ್ಯೋ, ಮೇಸ್ತ್ರಿ ದಿನಾ ಬರ್ತಾರೆ! ಗೋಡೆ ಹಿಡ್ಕೊಂಡು ಓಡಾಡ್ತಾರೆ ಪಾಪ. ಕಣ್ಣಿಲ್ಲದವರನ್ನೆಲ್ಲ ಲೆಕ್ಕಕ್ಕೆ ಹಿಡಿಯಕ್ಕಾಗತ್ತಾ?"

ಮೇಸ್ತ್ರಿಯ ಮನೆ ಎರಡು ಓಣಿ ಆಚೆ. ಒಂದು ಕೋಣೆ, ಒಂದು ಅಡುಗೆಮನೆ. ಹೆಂಡತಿ ಬಾಗಿಲು ತೆರೆದಳು. ಖಾಕಿ ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಎಲ್ಲಿ ಅವರು?"

"ಈಗ ತಾನೇ ಹೊರಟ್ರು. ಗಾಳಿಗೆ ಹೋಗಿ ಬರ್ತೀನಿ ಅಂದ್ರು."

"ಕೈಯಲ್ಲಿ ಏನಿತ್ತು?"

ಅವಳು ಒಲೆಯ ಕಡೆ ತಿರುಗಿ ನೋಡಿದಳು. ಒಲೆಯ ಪಕ್ಕದ ಕಟ್ಟೆಯ ಮೇಲೆ ತಟ್ಟೆಯೊಂದನ್ನು ಬಟ್ಟೆಯಿಂದ ಮುಚ್ಚಿಟ್ಟಿದ್ದರು. ಎಸ್‌ಐ ಬಟ್ಟೆ ಎತ್ತಿದಳು. ತಟ್ಟೆಯ ತುಂಬ ಕಣ್ಣುಗಳು ಅವಳನ್ನೇ ನೋಡಿದವು. ಗಾಜಿನವು, ಚಿಪ್ಪಿನವು, ಕರಿಕಲ್ಲಿನ ಪಾಪೆಯವು, ಜೋಡಿ ಜೋಡಿಯಾಗಿ ಸಾಲಿಟ್ಟಿದ್ದವು.

"ಉಳಿ ತಗೊಂಡು ಹೋದ್ರು," ಎಂದಳು ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು. "ಇವತ್ತಿಗೆ ಮುಗೀತು ಅಂದ್ರು. ಏನು ಮುಗೀತು ಅಂತ ಕೇಳೋ ಧೈರ್ಯ ನಂಗಾಗ್ಲಿಲ್ಲ."

ಎಸ್‌ಐ ಕ್ಯಾಪ್ಟನ್‌ಗೆ ಫೋನ್ ಮಾಡಿದಳು. ಹೊಡೆದುಕೊಂಡು ನಿಂತುಹೋಯಿತು. ಮತ್ತೆ ಮಾಡಿದಳು. ಮಾತ್ರೆ ನುಂಗಿದ ಮನುಷ್ಯ, ತೆಳು ಬಾಗಿಲು, ಮನೆಯಲ್ಲಿ ಬೇರೆ ನರಪಿಳ್ಳೆಯೂ ಇಲ್ಲ.

ಇಬ್ಬರೂ ಓಡಿದರು. ಗಡಿಯಾರನಿಗೆ ಐವತ್ತನಾಲ್ಕು ವರ್ಷ. ಆದರೂ ಓಣಿಯ ತಿರುವಿನಲ್ಲಿ ಅವನು, "ಎರಡು ಐವತ್ತೆಂಟು," ಎಂದು ಏದುಸಿರಿನಲ್ಲೇ ಹೇಳಿದ. ಹಿಂಬಾಗಿಲಿನ ಬೀಗ ತೆರೆದಿತ್ತು.

"ನೀವು ಮುಂದುಗಡೆಯಿಂದ ಬನ್ನಿ. ಲೈಟ್ ಸ್ವಿಚ್ ಆ ಕಡೆ ಇದೆ."

"ಕೀಲಿ ಇಲ್ಲವಲ್ಲ ಮೇಡಂ?"

"ಬಾಗಿಲು ಒಡೀರಿ."

ಅವಳು ಟಾರ್ಚ್ ಹಿಡಿದು ಒಳಗೆ ಹೋದಳು. ಕೆಲಸದ ಕೋಣೆ ದಾಟಿ ಹಾಲ್‌ಗೆ ಕಾಲಿಟ್ಟಾಗ ಕತ್ತಲು ಮುಖಕ್ಕೆ ಬಟ್ಟೆ ಕಟ್ಟಿದಂತೆ ಕವಿಯಿತು. ಟಾರ್ಚ್ ಹಾಕಬೇಕು ಎಂದು ಮನಸ್ಸು ಹೇಳುತ್ತಿತ್ತು, ಹೆಬ್ಬೆರಳು ಕೇಳುತ್ತಿರಲಿಲ್ಲ. ಹಾಕಿದರೆ ಮೊದಲು ಏನು ಕಾಣಬಹುದು ಎಂಬ ಹೆದರಿಕೆ. ಎಲ್ಲೋ ಹತ್ತಿ ಒದ್ದೆಯಾದ ಸಣ್ಣ ಸದ್ದು. ಸ್ಪಿರಿಟ್ ವಾಸನೆ.

ಸದ್ದು ನಿಂತಿತು.

"ಯಾರೋ ಇದೀರಿ," ಎಂದಿತು ಒಂದು ಗಂಡುಸ್ವರ. ಕೋಪವಿಲ್ಲದ, ಸಣ್ಣ ಸ್ವರ. "ಕ್ಯಾಪ್ಟನ್ ಅಲ್ಲ. ಅವರು ಉಸಿರಾಡಿದ್ರೆ ಶಿಳ್ಳೆ ಹೊಡೆದ ಹಾಗಿರತ್ತೆ. ಅಕ್ಕಾವ್ರಾ?"

ಹೆಜ್ಜೆಗಳು ಹತ್ತಿರ ಬಂದವು. ಆರುನೂರು ಸಾಮಾನಿನ ನಡುವೆ ಒಂದಕ್ಕೂ ತಾಕದೆ, ತನ್ನ ಮನೆಯ ಅಂಗಳದಲ್ಲಿ ಓಡಾಡುವವನಂತೆ ಅವನು ನಡೆದು ಬಂದ. ಇಲ್ಲಿ ಕುರುಡಿ ತಾನು, ಕಣ್ಣಿದ್ದವನು ಅವನು. ಹಿಂದೆ ಸರಿಯಲು ಹೋಗಿ ಅವಳ ಬೆನ್ನು ತಣ್ಣನೆಯ ಕಲ್ಲಿಗೆ ಒತ್ತಿಕೊಂಡಿತು.

ಒಣಗಿದ ಬೆರಳುಗಳು ಅವಳ ಹಣೆಗೆ ತಾಕಿದವು. ಅಲ್ಲಿಂದ ಹುಬ್ಬಿಗೆ ಇಳಿದವು. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಬೆರಳು ರೆಪ್ಪೆಯ ಮೇಲೆ ಬಂದು, ಒಂದು ಕ್ಷಣ, ಒಂದು ಯುಗದಷ್ಟು ಉದ್ದದ ಕ್ಷಣ, ಹಾಗೇ ನಿಂತಿತು. ಇನ್ನೊಂದು ಕೈಯಲ್ಲಿದ್ದ ಉಳಿಯ ಮರದ ಹಿಡಿ ಅವಳ ತೋಳಿಗೆ ಒರಗಿತ್ತು.

"ಬಿಸಿ ಇದೆ," ಎಂದ ಅವನು ಆಶ್ಚರ್ಯದಿಂದ. "ಅಳ್ತಾ ಇದೀರಾ?"

ಆಗ ಮುಂಬಾಗಿಲು ಧಡಾರನೆ ಒಡೆಯಿತು, ದೀಪಗಳು ಹತ್ತಿಕೊಂಡವು. ಎದುರಿಗೆ ನಿಂತಿದ್ದವನು ಸಣಕಲು ಮೈಯ, ಅರವತ್ತರ ಮುದುಕ. ಅವನ ಕಣ್ಣು ತೆರೆದೇ ಇತ್ತು, ಬೆಳಕಿಗೆ ಮಿಟುಕಲೂ ಇಲ್ಲ. ಎಸ್‌ಐ ಅವನ ಮುಂಗೈ ಹಿಡಿದಳು. ಅವನು ಕೊಸರಲಿಲ್ಲ. ಉಳಿಯನ್ನು ತಾನಾಗೇ ತಿರುಗಿಸಿ, ಹಿಡಿ ಅವಳ ಕಡೆ ಬರುವಂತೆ ಕೊಟ್ಟ. ಮೂಲೆಯಲ್ಲಿ ಹಡಗಿನ ಹೆಂಗಸಿನ ಕಣ್ಣಿನ ಸುತ್ತ ಹತ್ತಿ ಅಂಟಿತ್ತು, ಕಣ್ಣು ಇನ್ನೂ ಇತ್ತು. ತೆಳು ಬಾಗಿಲ ಆಚೆ ಕ್ಯಾಪ್ಟನ್ ಶಿಳ್ಳೆ ಹೊಡೆಯುತ್ತ ನಿದ್ದೆಯಲ್ಲಿದ್ದರು.

"ಮೂರು ಗಂಟೆ ಆರು ನಿಮಿಷ, ದಸ್ತಗಿರಿ," ಎಂದ ಗಡಿಯಾರ.

*

ಸಂಜೆ ಐದಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಠಾಣೆಯಲ್ಲಿ ಯಾವ ಪೇದೆಯೂ ಆ ತಟ್ಟೆ ಮುಟ್ಟಲು ಒಪ್ಪದೆ, ಎಸ್‌ಐ ತಾನೇ ಎಣಿಸಿ ಮೊಹರು ಮಾಡಿದಳು. ಹನ್ನೆರಡು ಜೊತೆ. ಹೊರಗಿನ ಬೆಂಚಿನಲ್ಲಿ ಕ್ಯಾಪ್ಟನ್ ಕೂತಿದ್ದರು, "ನನ್ನ ಕಣ್ಣುಗಳು ಯಾವಾಗ ವಾಪಸ್ ಸಿಗ್ತವೆ?" ಎಂದು ಎರಡು ಸಲ ಕೇಳಿದರು. ಕೋರ್ಟು ಹೇಳಿದಾಗ, ಎಂದ ಗಡಿಯಾರ.

ಮೇಸ್ತ್ರಿಗೆ ಕುರ್ಚಿ ಹಾಕಿಸಿ ಎಸ್‌ಐ ಎದುರು ಕೂತಳು.

"ಎಷ್ಟು ವರ್ಷ ಕೆಲಸ ಮಾಡಿದ್ರಿ ಅಲ್ಲಿ?"

"ಹತ್ತೊಂಬತ್ತು."

"ಕಣ್ಣು ಹೋಗಿದ್ದು?"

"ಐದು ವರ್ಷದ ಕೆಳಗೆ ಮಂಜು ಕಟ್ಟಕ್ಕೆ ಶುರುವಾಯ್ತು. ಸ್ಪಿರಿಟ್ ಹೊಗೆ ಅಂದ್ರು ಡಾಕ್ಟ್ರು. ಒಳ್ಳೇದಲ್ಲ, ಅಗ್ಗದ್ದು ತರಿಸ್ತಿದ್ರು ಕ್ಯಾಪ್ಟನ್. ಕಿಟಕಿ ಬಿಚ್ಚಿಸಿ ಅಂತ ಕೇಳ್ದೆ, ಇವತ್ತು ನಾಳೆ ಅಂದ್ರು. ಪೂರ್ತಿ ಕತ್ತಲಾದ ಮೇಲೆ ನಾಳೆಯಿಂದ ಬರಬೇಡ ಅಂದ್ರು."

"ಅದಕ್ಕೇ ಸಿಟ್ಟಾ?"

"ಇಲ್ಲ. ಕೆಲಸ ಮಾಡೋವಾಗ ಮೈಗೆ ಏನೋ ಒಂದು ಆಗತ್ತೆ. ಮರಗೆಲಸದವನಿಗೆ ಬೆರಳು ಹೋಗಲ್ವಾ?" ಅವನು ಮಂಡಿ ಸವರಿಕೊಂಡ. "ತಿಂಗಳಿಗೆ ಒಂದು ಸಲ ಬಂದು ಮುಟ್ಟಿ ಹೋಗ್ತೀನಿ ಸಾರ್, ಕೈಗಾದ್ರೂ ಕಾಣ್ತವೆ ಅಂತ ಕೇಳೋಕೆ ಹೋಗಿದ್ದೆ, ಹೋದ ತಿಂಗಳು. ಯಾರೋ ದೊಡ್ಡವರು ನೋಡೋಕೆ ಬಂದಿದ್ರು. ಏನು ಕಣ್ರೀ, ಜೀವ ಇದೆಯಲ್ಲ ಈ ಕಣ್ಣಲ್ಲಿ ಅಂತ ಹೊಗಳ್ತಿದ್ರು. ನಂಗೆ ಗೊತ್ತಾಯ್ತು, ನೂರ ಏಳನೇದು. ಆರು ತಿಂಗಳು ಕೂತು ಮಾಡಿದ್ದೆ. ಕ್ಯಾಪ್ಟನ್ ಅಂದ್ರು, ಮುನ್ನೂರು ವರ್ಷದ್ದು, ಯಾರೂ ಕೈ ಹಚ್ಚಿಲ್ಲ, ಇದ್ದ ಹಾಗೇ ಇದೆ ಅಂತ. ನಾನು ಬಾಗಿಲಲ್ಲೇ ನಿಂತಿದ್ದೆ. ಇವನ್ಯಾರು ಅಂತ ಅವರು ಕೇಳಿದ್ರು. ಯಾರೋ ಕುರುಡ, ದಾರಿ ತಪ್ಪಿ ಬಂದಿದಾನೆ ಅಂದ್ರು ಕ್ಯಾಪ್ಟನ್."

ಕೇಳಲೇಬೇಕಾದ ಪ್ರಶ್ನೆ ಒಂದು ಉಳಿದಿತ್ತು.

"ಕ್ಯಾಪ್ಟನ್ ಪಕ್ಕದ ಕೋಣೇಲೇ ಮಲಗಿದ್ರು. ಅವರ ಕಣ್ಣಿಗೂ ಕೈ ಹಾಕ್ಬೇಕು ಅಂತಿತ್ತಾ?"

ಮೇಸ್ತ್ರಿ ಗಾಬರಿಯಿಂದ ತಲೆ ಎತ್ತಿದ. "ಅದು ನಾನು ಇಟ್ಟದ್ದಲ್ಲವಲ್ಲ ಮೇಡಂ?"

ಸ್ವಇಚ್ಛಾ ಹೇಳಿಕೆ ಎರಡು ಹಾಳೆಯಾಯಿತು. ಮೊಳೆ ಹೊಡೆದ ಕಿಟಕಿಯ ಬಗ್ಗೆ ಅವಳು ಇನ್‌ಸ್ಪೆಕ್ಟರ್‌ಗೆ ಬೇರೆಯೇ ಒಂದು ವರದಿ ಬರೆದಿಟ್ಟಳು. ಅದರಿಂದ ಏನಾದರೂ ಆಗುತ್ತದೆಯೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆರೋಪಿಗೆ ಓದಲು ಆಗದಿದ್ದರೆ ಹೇಳಿಕೆಯನ್ನು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು. ಅವಳು ಮೊದಲಿನಿಂದ ಓದಿದಳು. ಮೇಸ್ತ್ರಿ ಒಂದೊಂದು ವಾಕ್ಯಕ್ಕೂ ತಲೆದೂಗುತ್ತಿದ್ದ. 'ಸದರಿ ವಿಗ್ರಹಗಳ ಕಣ್ಣುಗಳನ್ನು ಕಿತ್ತಿರುತ್ತೇನೆ' ಎಂಬಲ್ಲಿಗೆ ಬಂದಾಗ ಕೈ ಎತ್ತಿದ.

"ಅದೊಂದು ತಪ್ಪಿದೆ ಮೇಡಂ. ಕಿತ್ತಿಲ್ಲ. ಬಿಡಿಸಿದ್ದು."

"ಎರಡೂ ಒಂದೇ ಅಲ್ವಾ?" ಎಂದ ಗಡಿಯಾರ.

"ಕಿತ್ತಿದ್ರೆ ರೆಪ್ಪೆ ಒಡೀತಿತ್ತು ದಫೇದಾರ್ರೇ. ಒಂದಾದ್ರೂ ಒಡೆದಿದ್ಯಾ, ನೀವೇ ನೋಡ್ಕೊಳ್ಳಿ."

ಗಡಿಯಾರ ಕಡತದಿಂದ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಹರಡಿದ. ಇಬ್ಬರೂ ಬಗ್ಗಿ ಹನ್ನೆರಡನ್ನೂ ನೋಡಿದರು. ಆಮೇಲೆ ಎಸ್‌ಐ 'ಕಿತ್ತಿರುತ್ತೇನೆ' ಎಂಬುದನ್ನು ಒಂದು ಗೆರೆಯಿಂದ ಹೊಡೆದುಹಾಕಿ, ಅದರ ಮೇಲೆ 'ಬಿಡಿಸಿರುತ್ತೇನೆ' ಎಂದು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದಳು.